ದೀಪ ದೊಡ್ಡದು ಮಾಡುವ ಹೊತ್ತು

ನಮ್ಮ ಮನೆಯಲ್ಲಿ ಹಿರಿಯರ ಬಾಯಲ್ಲಿ ‘ದೀಪ ಆರಿಸು’ ಎಂಬ ಮಾತು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಕೂತು ಓದಿ ಮುಗಿಸಿ, “ಅಜ್ಜಿ, ಚಿಮಣಿ ಆರಿಸಲಾ?” ಎಂದು ಕೂಗಿದರೆ ಒಳಗಿನಿಂದ ಅಜ್ಜಿಯ ದನಿ ಬರುತ್ತಿತ್ತು: “ಹಂಗೆಲ್ಲ ಹೇಳಲಾಗ ತಮಾ, ದೊಡ್ಡದು ಮಾಡು ಹೇಳವು.” ನಾನು ಊದುತ್ತಿದ್ದೆ. ದೀಪ ಹೋಗುತ್ತಿತ್ತು. ಬತ್ತಿಯ ಕೆಂಪು ಚುಕ್ಕಿ ಕ್ಷಣಕಾಲ ಉಳಿದು ಅದೂ ಕಪ್ಪಾಗುತ್ತಿತ್ತು. ಉರಿಯುತ್ತಿದ್ದ ದೀಪ ನಂದಿದರೆ ಅದು ದೊಡ್ಡದಾಗುವುದು ಹೇಗೆ ಎಂಬ ಪ್ರಶ್ನೆ ಎಷ್ಟೋ ರಾತ್ರಿ ಹಾಸಿಗೆಯ ತನಕ ನನ್ನ ಜೊತೆ ಬಂದದ್ದಿದೆ. ಅಮಂಗಳದ ಮಾತು ಆಡಬಾರದೆಂದು ಹಿರಿಯರು ಹೀಗೆ ಹೇಳುತ್ತಿದ್ದರು, ಅಷ್ಟೇ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ. ಆ ಮಾತಿನಲ್ಲಿ ಇನ್ನೂ ಏನೋ ಇದೆ ಅನಿಸಿದ್ದು ಈಚೆಗೆ, ಬೆಳಗಿನ ಒಂಬತ್ತು ಗಂಟೆಯ ಬಿಸಿಲಿನಲ್ಲಿ ಉರಿಯುತ್ತಿದ್ದ ಬೀದಿದೀಪವೊಂದರ ಕೆಳಗೆ ನಿಂತಾಗ.

ನಮ್ಮೂರು ಗೇರುಸೊಪ್ಪೆಯ ಬೆಳಗನ್ನು ಕಂಡವರಿಗೆ ಗೊತ್ತು. ಶರಾವತಿಯ ಮೇಲಿನ ಮಂಜು ಮೆಲ್ಲಗೆ ಏಳುತ್ತದೆ, ಘಟ್ಟದ ನೆತ್ತಿಗೆ ಮೊದಲ ಬಿಸಿಲು ಬೀಳುತ್ತದೆ, ಅಡಿಕೆ ತೋಟದೊಳಗೆ ಬೆಳಕು ಇಳಿಯುವುದಕ್ಕೆ ಇನ್ನಷ್ಟು ಹೊತ್ತು ಬೇಕು. ಅಂಥ ಹೊತ್ತಿನಲ್ಲಿ ಕಂಬದ ಮೇಲಿನ ದೀಪ ಸಂಕೋಚದಿಂದ ಉರಿಯುತ್ತಿರುತ್ತದೆ. ಅದು ಉರಿಯುತ್ತಿದೆ ಎಂದು ತಿಳಿಯಬೇಕಾದರೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಬೇಕು. ಆ ದಿನ ನಾನು ಹಾಗೆ ನೋಡುತ್ತಿದ್ದಾಗ ನೀರು ಬಿಡುವ ಹುಡುಗ ಸೈಕಲ್ ನಿಲ್ಲಿಸಿದ. ನಾನು ಏನೂ ಕೇಳುವ ಮೊದಲೇ ಅವನೇ ಹೇಳಿದ: “ಮಾಸ್ತರೇ, ನಸುಕಿಗೆ ನೀರು ಬಿಡೂಕೆ ಹೋಗ್ಬೇಕು. ಸ್ವಿಚ್ಚು ಇರೂದು ಈ ತುದಿಗೊಂದು, ಆ ತುದಿಗೊಂದು. ಎಲ್ಲ ಮುಗಿಸಿ ಇಲ್ಲಿಗೆ ಬರೂಷ್ಟರಲ್ಲಿ ಒಂಬತ್ತು ಗಂಟೆ.”

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನೀರು ಬಿಡುವುದೂ ಅವನೇ, ಪೈಪು ಒಡೆದರೆ ಓಡುವುದೂ ಅವನೇ, ಸಂಜೆ ದೀಪ ಹಾಕಿ ಬೆಳಿಗ್ಗೆ ತೆಗೆಯುವುದೂ ಅವನೇ. ನಮ್ಮ ಜಿಲ್ಲೆಯ ಊರು ಎಂದರೆ ಮನೆಗಳು ಒತ್ತಾಗಿ ನಿಂತ ಬೀದಿ ಅಲ್ಲ. ಇಲ್ಲಿ ನಾಲ್ಕು ಮನೆ, ನಡುವೆ ಗದ್ದೆ, ಆಚೆ ಆರು ಮನೆ, ಮಧ್ಯೆ ಒಂದು ಹಳ್ಳ, ಗುಡ್ಡದ ಮೇಲೆ ಮತ್ತೆರಡು. ಮಳೆಗಾಲದಲ್ಲಿ ಹಳ್ಳದ ಮೇಲಿನ ಸಂಕ ದಾಟಿ ಹೋಗಿ ಒಂದು ಸ್ವಿಚ್ಚು ಒತ್ತಿ ಬರುವುದೆಂದರೆ ಅದೊಂದು ಸಣ್ಣ ಪ್ರಯಾಣ. ಒಬ್ಬ ಮನುಷ್ಯನ ಕಾಲು ಎಷ್ಟು ಕಡೆ ಇರಲು ಸಾಧ್ಯ?

ಬೇರೆ ಊರಿನಲ್ಲಿ ಹಗಲು ದೀಪ ಉರಿದರೆ ಹಣ ಹೋಯಿತು ಎನ್ನುತ್ತಾರೆ. ಗೇರುಸೊಪ್ಪೆಯವರಿಗೆ ಹಾಗೆ ಹೇಳಿ ಸುಮ್ಮನಾಗಲು ಬರುವುದಿಲ್ಲ. ಕರೆಂಟು ಎಂದರೆ ಏನು ಎಂಬುದು ನಮ್ಮ ಕಣ್ಣೆದುರೇ ಇದೆ. ಜಗತ್ತಿನ ಹಳೆಯ ಪುಸ್ತಕಗಳಲ್ಲಿ ಜೋಗ ಜಲಪಾತದ ಹೆಸರು ‘ಗೇರುಸೊಪ್ಪೆ ಜಲಪಾತ’ ಎಂದೇ ಇತ್ತು. 1948ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರು ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಲಿಂಗನಮಕ್ಕಿಯ ಬುಡದಲ್ಲಿ 55 ಮೆಗಾವ್ಯಾಟ್ ಹುಟ್ಟಿಸಿದ ನೀರು ತಳಕಳಲೆಗೆ ಹರಿದು, ಘಟ್ಟದಿಂದ ಕೊಳವೆಗಳಲ್ಲಿ ಧುಮುಕಿ, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅಲ್ಲಿನ ಸಾಮರ್ಥ್ಯ 1035 ಮೆಗಾವ್ಯಾಟ್. ಅಲ್ಲಿಗೂ ಅದಕ್ಕೆ ಬಿಡುವಿಲ್ಲ. ಕೆಳಗೆ ಹರಿದು ಬಂದು ನಮ್ಮ ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ ನಿಂತು, 60 ಮೆಗಾವ್ಯಾಟಿನ ನಾಲ್ಕು ಯಂತ್ರಗಳನ್ನು ತಿರುಗಿಸಿ, ಆಮೇಲಷ್ಟೇ ಹೊನ್ನಾವರದ ಸಮುದ್ರಕ್ಕೆ ಹೋಗುತ್ತದೆ. ಮನೆಯಲ್ಲಿ ಎಲ್ಲರ ಕೆಲಸ ಮುಗಿಸಿ ಕೊನೆಗೆ ಊಟಕ್ಕೆ ಕೂರುವ ತಾಯಿಯ ಹಾಗೆ ಈ ನೀರು.

ಹೈಸ್ಕೂಲಿನ ಭೌತಶಾಸ್ತ್ರದ ಲೆಕ್ಕ ಒಂದನ್ನು ಇಲ್ಲಿ ಮಾಡಿ ನೋಡಬಹುದು. ಒಂದು ಯೂನಿಟ್ ಕರೆಂಟು ಬೇಕಾದರೆ ಸಾವಿರ ಲೀಟರ್ ನೀರು ಸುಮಾರು 367 ಮೀಟರ್ ಎತ್ತರದಿಂದ ಬೀಳಬೇಕು. ಜೋಗದ ‘ರಾಜ’ ಧಾರೆಯ ಎತ್ತರ 253 ಮೀಟರ್. ಅಷ್ಟು ಎತ್ತರದಿಂದ ಬೀಳುವುದಾದರೆ ಒಂದು ಯೂನಿಟ್ಟಿಗೆ 1450 ಲೀಟರ್ ಬೇಕು. ಗೇರುಸೊಪ್ಪೆಯಂಥ ಅಣೆಕಟ್ಟಿನಲ್ಲಿ ನೀರು ಬೀಳುವ ಎತ್ತರ ಐವತ್ತು ಮೀಟರ್ ಎಂದು ಹಿಡಿಯಿರಿ. ಆಗ ಒಂದು ಯೂನಿಟ್ಟಿಗೆ 7300 ಲೀಟರಿಗೂ ಹೆಚ್ಚು. ಯಂತ್ರದಲ್ಲಿ, ತಂತಿಯಲ್ಲಿ ಸೋರಿಹೋಗುವುದು ಬೇರೆ. ಅಂಗಳದ ನೂರು ವ್ಯಾಟಿನ ಹಳೆಯ ಬಲ್ಬೊಂದು ಹತ್ತು ಗಂಟೆ ಸುಮ್ಮನೆ ಉರಿದರೆ ಒಂದು ಯೂನಿಟ್ಟು. ದೊಡ್ಡ ಟ್ಯಾಂಕರಿನಷ್ಟು ಶರಾವತಿ ನಮ್ಮ ಅಣೆಕಟ್ಟಿನ ಬಾಗಿಲಲ್ಲಿ ಇಳಿದು ಹೋದ ಹಾಗೆ. ಈ ಲೆಕ್ಕ ತಿಳಿದ ಮೇಲೆ ಹಗಲು ಉರಿಯುವ ದೀಪವನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಅಲ್ಲಿ ನನಗೆ ತೆರೆದಿಟ್ಟ ನಲ್ಲಿ ಕಾಣುತ್ತದೆ.

ಆ ನೀರಿಗೆ ಬೆಲೆ ಕೊಟ್ಟವರೂ ಇದ್ದಾರೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ, ಗದ್ದೆ, ದೇವಸ್ಥಾನ ಎಲ್ಲ ಮುಳುಗಿ ಎದ್ದುಹೋದವರು ನಾಡಿಗೆ ಬೆಳಕು ಕೊಟ್ಟು ತಾವು ವರ್ಷಗಟ್ಟಲೆ ಕಂದೀಲಿನಲ್ಲಿ ದಿನ ಕಳೆದರು. ದೀಪದ ಬುಡ ಕತ್ತಲೆ ಎಂಬ ಗಾದೆಯನ್ನು ಬದುಕಿ ತೋರಿಸಿದ ಜನ ಅವರು. ಅವರ ಊರು ಮುಳುಗಿಸಿ ಪಡೆದ ಬೆಳಕನ್ನು ನಾವು ಬಿಸಿಲಿಗೆ ಚೆಲ್ಲುವುದು ನ್ಯಾಯವಲ್ಲ.

ಹಿಂದೆ ಹೀಗೆ ಚೆಲ್ಲಲು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಪ್ರತಿ ದೀಪಕ್ಕೂ ಒಬ್ಬ ಯಜಮಾನನಿದ್ದ. ಒಣಗಿದ ತೆಂಗಿನ ಗರಿಯನ್ನು ಬಿಗಿದು ಕಟ್ಟಿದ ಸೂಡಿ ಹಿಡಿದು ರಾತ್ರಿ ತೋಟ ದಾಟುತ್ತಿದ್ದವರನ್ನು ನಾನು ಕಂಡಿದ್ದೇನೆ. ದಾರಿ ಚೆನ್ನಾಗಿದ್ದ ಕಡೆ ಸೂಡಿಯನ್ನು ಕೆಳಗೆ ಹಿಡಿದು ಕೆಂಡ ಮಾಡಿಕೊಳ್ಳುತ್ತಿದ್ದರು. ಸಂಕ ಬಂತು, ಹಾವಿನ ಜಾಗ ಬಂತು ಎಂದರೆ ಗಾಳಿಯಲ್ಲಿ ಎರಡು ಸಲ ಬೀಸುತ್ತಿದ್ದರು. ಸೂಡಿ ಭಗ್ಗನೆ ಹೊತ್ತಿ ದಾರಿಯೆಲ್ಲ ಬೆಳಗುತ್ತಿತ್ತು. ಬೇಕಾದಲ್ಲಿ ಹೆಚ್ಚು, ಬೇಡವಾದಲ್ಲಿ ಕಡಿಮೆ. ಒಂದೇ ಸೂಡಿಯಲ್ಲಿ ಮನೆ ಮುಟ್ಟಬೇಕಲ್ಲ! ಇಂದು ದೊಡ್ಡ ದೊಡ್ಡ ಎಂಜಿನಿಯರುಗಳು ‘ಡಿಮ್ಮಿಂಗ್’ ಎಂದು ಕರೆಯುವ ವಿದ್ಯೆಯನ್ನು ನಮ್ಮ ತೋಟದ ಕೆಲಸಗಾರರು ಮಣಿಕಟ್ಟಿನಲ್ಲೇ ಇಟ್ಟುಕೊಂಡಿದ್ದರು.

ಯಕ್ಷಗಾನದ ಆಟದ ಬಯಲಿನಲ್ಲೂ ಅಷ್ಟೇ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದಾಗ ನಮ್ಮ ಹಳ್ಳಿಗಳಿಗೆ ಕರೆಂಟು ಬಂದಿರಲಿಲ್ಲ. ಹಿಲಾಲಿನ ಕಾಲ ಹೋಗಿ ಗ್ಯಾಸ್‌ಲೈಟಿನ ಕಾಲ ಬಂದ ಮೇಲೂ ಬೆಳಕು ನೋಡಿಕೊಳ್ಳಲೆಂದೇ ಒಬ್ಬ ಮನುಷ್ಯ ಇರುತ್ತಿದ್ದ. ಭಾಗವತರ ಪದ ಏರುವ ಹೊತ್ತಿಗೆ ಬೆಳಕು ಕುಗ್ಗಿದರೆ ಅವನು ಮೆಲ್ಲಗೆ ಎದ್ದು ಬಂದು ಪಂಪು ಹೊಡೆಯುತ್ತಿದ್ದ. ದೀಪ ಭುಸ್ಸೆಂದು ಬೆಳ್ಳಗಾಗುತ್ತಿತ್ತು, ರಾವಣನ ಕಿರೀಟ ಮತ್ತೆ ಹೊಳೆಯುತ್ತಿತ್ತು. ಬೆಳಗಾಗಿ ಮಂಗಳ ಹಾಡಿದ ಮೇಲೆ ಉರಿಯುವ ಗ್ಯಾಸ್‌ಲೈಟನ್ನು ಬಿಟ್ಟುಹೋದ ಮೇಳವನ್ನು ಯಾರೂ ಕಂಡಿರಲಿಕ್ಕಿಲ್ಲ.

ಈ ಯಜಮಾನಿಕೆ ತಪ್ಪಿದ್ದು ವಿದ್ಯುತ್ತು ಬಂದ ಮೇಲೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆಯಲ್ಲಿ ವಿದ್ಯುತ್ತಿನ ಬೀದಿದೀಪ ಬೆಳಗಿತು. ಅಲ್ಲಿಂದೀಚೆಗೆ ದೀಪ ಒಂದು ಕಡೆ, ಅದರ ಸ್ವಿಚ್ಚು ಇನ್ನೊಂದು ಕಡೆ, ಅದರ ಬಿಲ್ಲು ಮತ್ತೊಂದು ಕಡೆ. ಉರಿಯುವುದನ್ನು ನೋಡುವವನು ತೆಗೆಯಲಾರ, ತೆಗೆಯಬೇಕಾದವನಿಗೆ ಕಾಣುವುದಿಲ್ಲ, ಹಣ ಕಟ್ಟುವವರಿಗೆ ಎರಡೂ ಗೊತ್ತಿಲ್ಲ. ದೂರದಿಂದ ದೀಪ ನಿಯಂತ್ರಿಸುವ ಈಗಿನ ಉಪಕರಣಗಳನ್ನು ನಾನು ಮೆಚ್ಚುವುದು ಇದಕ್ಕೇ. ಕಳೆದುಹೋದ ಯಜಮಾನನನ್ನು ಅವು ದೀಪಕ್ಕೆ ವಾಪಸು ಕೊಡುತ್ತವೆ.

ದೂರದಿಂದ, ತಂತಿಯಿಲ್ಲದೆ ಎಂದಾಗ ನಮ್ಮ ಊರಿನವರು ಬೆರಗಾಗಬೇಕಿಲ್ಲ. ಅಡಿಕೆ ತೋಟವಿರುವ ಎಷ್ಟೋ ಮನೆಗಳಲ್ಲಿ ಪಂಪಿಗೆ ಮೊಬೈಲ್ ಸ್ಟಾರ್ಟರ್ ಬಂದು ವರ್ಷಗಳಾದವು. ಪಂಪುಮನೆಯ ಪೆಟ್ಟಿಗೆಯಲ್ಲಿ ಒಂದು ಸಿಮ್ ಕಾರ್ಡು. ಹಾಸಿಗೆಯಲ್ಲೇ ಕೂತು ಕರೆ ಮಾಡಿದರೆ ಮೋಟಾರು ಶುರು, ಇನ್ನೊಂದು ಕರೆಗೆ ಬಂದ್. ಕರೆಂಟು ಇದೆಯೋ ಇಲ್ಲವೋ, ನೀರು ಎತ್ತುತ್ತಿದೆಯೋ ಇಲ್ಲವೋ ಎಂದು ಅದೇ ತಿಳಿಸುತ್ತದೆ. ಮೊದಲು ರಾತ್ರಿ ಎರಡು ಗಂಟೆಗೆ ತ್ರೀಫೇಸ್ ಬಂತೆಂದು ಬ್ಯಾಟರಿ ಹಿಡಿದು ಹೊಳೆಯಂಚಿಗೆ ಓಡುತ್ತಿದ್ದ ರೈತನಿಗೆ ಆ ಪೆಟ್ಟಿಗೆ ಕೊಟ್ಟ ನಿದ್ದೆಗೆ ಬೆಲೆ ಕಟ್ಟಲಾಗದು. ಬೀದಿದೀಪದ ಪೆಟ್ಟಿಗೆಯೂ ಹೆಚ್ಚು ಕಡಿಮೆ ಅದರ ಅಣ್ಣನೇ.

ಪೇಟೆಗಳಲ್ಲಿ ಇದು ಈಗಾಗಲೇ ನಡೆದಿದೆ. 2015ರ ಜನವರಿ 5ರಂದು ಕೇಂದ್ರ ಸರ್ಕಾರ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಹಳೆಯ ದೀಪಗಳು ಹೋಗಿ ಎಲ್‌ಇಡಿ ಬಂದವು. ಅದರ ಜೊತೆಗೆ ಬಂದದ್ದು ದೀಪಗಳ ಸಾಲಿಗೊಂದು ನಿಯಂತ್ರಣ ಪೆಟ್ಟಿಗೆ. ಒಳಗೆ ಒಂದು ಮೀಟರು, ಒಂದು ಗಡಿಯಾರ, ಒಂದು ಸಿಮ್, ಇಡೀ ಸಾಲಿಗೆ ಕರೆಂಟು ಕೊಟ್ಟು ತೆಗೆಯುವ ಒಂದು ಕಾಂಟ್ಯಾಕ್ಟರ್. ಸಂಜೆ ಅದು ಟಕ್ ಎಂದರೆ ಸಾಲುದೀಪ ಹೊತ್ತುತ್ತದೆ, ಬೆಳಿಗ್ಗೆ ಟಕ್ ಎಂದರೆ ಆರುತ್ತದೆ. ಎಷ್ಟು ಯೂನಿಟ್ಟು ಹೋಯಿತು, ಯಾವ ಫೇಸ್ ಇಲ್ಲ ಎಂಬ ಸುದ್ದಿ ಕಚೇರಿಯ ಪರದೆಗೆ ಹೋಗುತ್ತದೆ. ಸಾಲಿನಲ್ಲಿ ನಾಲ್ಕು ದೀಪ ಕೆಟ್ಟರೆ ಕರೆಂಟಿನ ಅಳತೆ ಇಳಿಯುವುದರಿಂದ ಅದೂ ಗೊತ್ತಾಗುತ್ತದೆ.

ಆ ಪೆಟ್ಟಿಗೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಗಡಿಯಾರ. ಸಂಜೆ ಆರಕ್ಕೆ ಹಾಕು, ಬೆಳಿಗ್ಗೆ ಆರಕ್ಕೆ ತೆಗೆ ಎಂದು ಕಟ್ಟಿಟ್ಟ ಗಡಿಯಾರ ನಮ್ಮ ಕರಾವಳಿಗೆ ಹೊಂದುವುದಿಲ್ಲ. ಭಾರತದ ವೇಳೆಯನ್ನು ಅಳೆಯುವುದು 82.5 ಡಿಗ್ರಿ ರೇಖಾಂಶದಲ್ಲಿ, ಉತ್ತರಪ್ರದೇಶದ ಮಿರ್ಜಾಪುರದ ಆಸುಪಾಸಿನಲ್ಲಿ. ನಾವಿರುವುದು ಅಲ್ಲಿಂದ ಸುಮಾರು ಎಂಟು ಡಿಗ್ರಿ ಪಶ್ಚಿಮಕ್ಕೆ. ಡಿಗ್ರಿಗೆ ನಾಲ್ಕು ನಿಮಿಷ. ಹಾಗಾಗಿ ಗೇರುಸೊಪ್ಪೆಯ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗುವುದು ಏಳು ಗಂಟೆ ದಾಟಿದ ಮೇಲೆ. ಡಿಸೆಂಬರ್ ಶುರುವಿನಲ್ಲಿ ಆರಕ್ಕೇ. ಜನವರಿಯ ಕೊನೆಯಲ್ಲಿ ಸೂರ್ಯ ಏಳುವಾಗ ಹೆಚ್ಚುಕಡಿಮೆ ಏಳು ಗಂಟೆ. ಆರರ ಗಡಿಯಾರ ಜೂನಿನಲ್ಲಿ ಒಂದು ಗಂಟೆ ಸುಮ್ಮನೆ ಉರಿಸುತ್ತದೆ, ಜನವರಿಯಲ್ಲಿ ಹಾಲು ಡೈರಿಗೆ ಹೊರಟ ಹೆಂಗಸನ್ನು ಕತ್ತಲಲ್ಲಿ ಬಿಡುತ್ತದೆ. ಈಗಿನ ಪೆಟ್ಟಿಗೆಗೆ ಊರಿನ ಅಕ್ಷಾಂಶ ರೇಖಾಂಶ ಹೇಳಿಕೊಟ್ಟರೆ ಸಾಕು, ವರ್ಷದ 365 ದಿನದ ಸೂರ್ಯೋದಯ ಸೂರ್ಯಾಸ್ತ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ಜಗಲಿಯ ಗೋಡೆಗೆ ನೇತುಹಾಕಿದ ಪಂಚಾಂಗವನ್ನು ಕಂಬಕ್ಕೆ ಓದಿಸಿದ ಹಾಗೆ.

ಇನ್ನೊಂದು ಹೆಜ್ಜೆ ಮುಂದೆ ಹೋದವರು ಒಂದೊಂದು ದೀಪದ ತಲೆಯ ಮೇಲೂ ಒಂದೊಂದು ರೇಡಿಯೋ ಇಡುತ್ತಾರೆ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್ ವರೆಗಿನ ಅಲೆಗಳನ್ನು ಸಣ್ಣ ಶಕ್ತಿಯ ಇಂಥ ಉಪಕರಣಗಳಿಗೆ ಪರವಾನಗಿ ಬೇಡವೆಂದು ಬಿಟ್ಟುಕೊಟ್ಟಿದ್ದಾರೆ. ಒಂದು ದೀಪ ಪಕ್ಕದ ದೀಪಕ್ಕೆ ಹೇಳುತ್ತದೆ, ಅದು ಮುಂದಿನದಕ್ಕೆ. ಹೀಗೆ ಕಿವಿಯಿಂದ ಕಿವಿಗೆ ಮಾತು ದಾಟಿ ಕೊನೆಗೆ ನೆಟ್‌ವರ್ಕ್ ಸಿಗುವ ಒಂದು ಕಂಬಕ್ಕೆ ಮುಟ್ಟಿ ಅಲ್ಲಿಂದ ಕಚೇರಿಗೆ ಹೋಗುತ್ತದೆ. ನೂರು, ನೂರೈವತ್ತು ವ್ಯಾಟಿನ ದೀಪಗಳಿರುವ ಹೆದ್ದಾರಿಗೆ, ಬಂದರಿಗೆ, ದೊಡ್ಡ ಪೇಟೆಗೆ ಇದು ಒಳ್ಳೆಯದು. ನಮ್ಮ ಕೇರಿಯ 20 ವ್ಯಾಟಿನ ದೀಪಕ್ಕೆ ಅಷ್ಟೆಲ್ಲ ಬೇಡ. ಆ ರೇಡಿಯೋ ತಾನೂ ಒಂದಿಷ್ಟು ಕರೆಂಟು ತಿನ್ನುತ್ತದೆ, ಕೆಟ್ಟರೆ ಕಂಬ ಹತ್ತಬೇಕು. ಸಾಲಿಗೊಂದು ಪೆಟ್ಟಿಗೆಯೇ ಹಳ್ಳಿಗೆ ತಕ್ಕದ್ದು ಎಂಬುದು ನನ್ನ ತೀರ್ಮಾನ.

ಆ ಪೆಟ್ಟಿಗೆಯನ್ನೂ ನಮ್ಮ ಊರಿಗೆ ತಕ್ಕಂತೆ ಮಾಡಬೇಕು. ಬಯಲುಸೀಮೆಯಲ್ಲಿ ಪರೀಕ್ಷೆ ಮಾಡಿ ತಂದದ್ದು ಇಲ್ಲಿ ಬಾಳುವುದಿಲ್ಲ. ಆಷಾಢದ ಮಳೆ ಶುರುವಾದರೆ ಒಳಗೆ ಒಲೆಯ ಪಕ್ಕ ಇಟ್ಟ ಉಪ್ಪೇ ನೀರಾಗುವ ಊರು ಇದು. ಪೆಟ್ಟಿಗೆಗೆ ರಬ್ಬರಿನ ಬಿಗಿ ಬೇಕು, ಇರುವೆ ಗೂಡು ಕಟ್ಟದಂತೆ ತಂತಿ ಹೋಗುವ ತೂತು ಮುಚ್ಚಬೇಕು. ಮಳೆಗಾಲದ ಮುಂಚಿನ ಗುಡುಗು ಸಿಡಿಲಿಗೆ ಟಿ.ವಿ. ಸುಟ್ಟುಕೊಳ್ಳದ ಮನೆ ಇಲ್ಲಿ ಅಪರೂಪ. ಆದ್ದರಿಂದ ಸಿಡಿಲಿನ ಹೊಡೆತ ತಡೆಯುವ ಸಾಧನ, ಒಳ್ಳೆಯ ಅರ್ಥಿಂಗ್ ಇರಲೇಬೇಕು. ಮೊಬೈಲ್ ನೆಟ್‌ವರ್ಕು ಕಣಿವೆಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಮಾತು ಹೋಗದಿದ್ದಾಗಲೂ ಪೆಟ್ಟಿಗೆ ತನ್ನ ಪಂಚಾಂಗ ನೋಡಿಕೊಂಡು ತಾನೇ ದೀಪ ಹಾಕಿ ತೆಗೆಯುವಂತಿರಬೇಕು. ಎಲ್ಲ ಕೈಕೊಟ್ಟರೆ ಒತ್ತುವುದಕ್ಕೆ ಕೈಗೆಟಕುವ ಎತ್ತರದಲ್ಲಿ ಒಂದು ಹಳೆಯ ಸ್ವಿಚ್ಚು ಉಳಿದಿರಬೇಕು. ಎಷ್ಟೇ ಜಾಣ ಯಂತ್ರವಾದರೂ ಮನುಷ್ಯನ ಕೈಗೆ ಒಂದು ಜಾಗ ಬಿಟ್ಟಿರಬೇಕು.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ತಂತಿ. ಬೀದಿದೀಪಕ್ಕೆಂದೇ ಕಂಬದ ಮೇಲೆ ಪ್ರತ್ಯೇಕ ತಂತಿ ಎಳೆದಿದ್ದರೆ ಒಂದು ಕಡೆಯಿಂದ ಇಡೀ ಸಾಲನ್ನು ಹಾಕಿ ತೆಗೆಯಬಹುದು. ಎಷ್ಟೋ ಕೇರಿಗಳಲ್ಲಿ ಆ ತಂತಿಯೇ ಇರುವುದಿಲ್ಲ. ಮನೆಗಳಿಗೆ ಹೋಗುವ ಲೈನಿನಿಂದಲೇ ದೀಪಕ್ಕೆ ನೇರ ಕೊಕ್ಕೆ. ಅಂಥ ದೀಪಕ್ಕೆ ಹಗಲು ರಾತ್ರಿಯ ಭೇದವಿಲ್ಲ. ಊರಿಗೆ ಕರೆಂಟು ಇದ್ದಷ್ಟು ಹೊತ್ತೂ ಉರಿಯುತ್ತದೆ, ಬಲ್ಬು ಸುಟ್ಟ ದಿನ ವಿಶ್ರಾಂತಿ. ತಂತಿ ಎಳೆಯದೆ ಪೆಟ್ಟಿಗೆ ತಂದಿಟ್ಟರೆ ಗಾಡಿಯಿಲ್ಲದೆ ಎತ್ತು ಕೊಂಡ ಹಾಗೆ. ಮೇಲೆ ಹೊಳೆಯುವ ಉಪಕರಣಕ್ಕೆ ಹಣ ಸುಲಭವಾಗಿ ಸಿಗುತ್ತದೆ, ಕಾಣದ ತಂತಿಗೆ ಸಿಗುವುದಿಲ್ಲ. ನಾನು ಊರಿನ ಸಭೆಗಳಲ್ಲಿ ಗಟ್ಟಿಯಾಗಿ ಹೇಳುವ ಮಾತು ಇದು: ಮೊದಲು ತಂತಿ, ಆಮೇಲೆ ಗಡಿಯಾರ, ಆಮೇಲೆ ಸಿಮ್.

ಉಳಿಯುವುದು ಎಷ್ಟು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಪಂಚಾಯತಿಯಲ್ಲಿ 20 ವ್ಯಾಟಿನ 300 ದೀಪ ಇವೆ ಎಂದು ಇಟ್ಟುಕೊಳ್ಳೋಣ. ದಿನಾ ಬೆಳಿಗ್ಗೆ ಮೂರು ಗಂಟೆ ಹೆಚ್ಚು ಉರಿಯುತ್ತವೆ. ಅದು ದಿನಕ್ಕೆ 18 ಯೂನಿಟ್, ವರ್ಷಕ್ಕೆ 6570. ರಾತ್ರಿ ಹನ್ನೊಂದು ಗಂಟೆಯ ಮೇಲೆ ಐದು ಗಂಟೆಯವರೆಗೆ ತಾವೇ ಅರ್ಧಕ್ಕೆ ಇಳಿಯುವ ದೀಪಗಳಾದರೆ ಅದೂ ದಿನಕ್ಕೆ 18 ಯೂನಿಟ್. ಎರಡೂ ಸೇರಿ ವರ್ಷಕ್ಕೆ 13,140 ಯೂನಿಟ್. ಐವತ್ತು ಮೀಟರಿನ ಲೆಕ್ಕದಲ್ಲಿ ಇದನ್ನು ನೀರಾಗಿ ನೋಡಿದರೆ ಒಂಬತ್ತೂವರೆ ಕೋಟಿ ಲೀಟರಿಗೂ ಹೆಚ್ಚು. ಒಂದೇ ಒಂದು ಪಂಚಾಯತಿಯ ಲೆಕ್ಕ ಇದು. ಉಳಿದ ನೀರು ಅಣೆಕಟ್ಟಿನಲ್ಲೇ ನಿಂತಿರುತ್ತದೆ, ಬೇಸಿಗೆಯಲ್ಲಿ ಬೇಕಾದಾಗ ಇಳಿಯುತ್ತದೆ.

ಜರ್ಮನಿಯ ಡೋರೆಂಟ್ರುಪ್ ಎಂಬ ಸಣ್ಣ ಊರಿನ ಕಥೆ ನನಗೆ ಬಹಳ ಹಿಡಿಸಿದ್ದು. ಖರ್ಚು ಉಳಿಸಲೆಂದು ಆ ಊರಿನವರು ತಡರಾತ್ರಿ ಬೀದಿದೀಪಗಳನ್ನೆಲ್ಲ ಬಂದ್ ಮಾಡಿದರು. ಕತ್ತಲಲ್ಲಿ ನಡೆಯುವವರಿಗೆ ಭಯ. ಆಗ ಒಂದು ಉಪಾಯ ಬಂತು. ಮೊಬೈಲಿನಿಂದ ಒಂದು ಸಂಖ್ಯೆಗೆ ಕರೆ ಮಾಡಿ, ತಾವು ನಡೆಯಬೇಕಾದ ಬೀದಿಯ ಗುರುತುಸಂಖ್ಯೆ ಒತ್ತಿದರೆ ಆ ಬೀದಿಯ ದೀಪಗಳು ಹೊತ್ತುತ್ತಿದ್ದವು, ಕಾಲು ಗಂಟೆಯ ಮೇಲೆ ತಾವೇ ಆರುತ್ತಿದ್ದವು. ಓದಿದಾಗ ನನಗೆ ಕಂಡದ್ದು ನಮ್ಮ ಸೂಡಿಯೇ. ದಾರಿ ನಡೆಯುವವನು ಬೀಸಿದಾಗ ಹೊತ್ತುವ, ದಾಟಿದ ಮೇಲೆ ಕೆಂಡವಾಗುವ ಸೂಡಿ.

ಕತ್ತಲೆಯ ಪರವಾಗಿಯೂ ಎರಡು ಮಾತು ಹೇಳಬೇಕು. ಮೇ ಕೊನೆಯಲ್ಲಿ, ಮೊದಲ ಮಳೆಯ ಮುಂಚೆ, ನಮ್ಮ ಹಳ್ಳದ ಬದಿಯ ಮರಗಳಲ್ಲಿ ಮಿಂಚುಹುಳಗಳು ಸೇರುತ್ತವೆ. ಇಡೀ ಮರ ಒಂದೇ ಉಸಿರಿನಲ್ಲಿ ಹೊತ್ತಿ ಆರಿದಂತೆ ಕಾಣುತ್ತದೆ. ಗಂಡುಹುಳ ಮಿನುಗುವುದು ಹೆಣ್ಣನ್ನು ಕರೆಯಲು. ಪಕ್ಕದಲ್ಲೇ ಬೆಳ್ಳನೆಯ ಎಲ್‌ಇಡಿ ಉರಿಯುತ್ತಿದ್ದರೆ ಆ ಕರೆ ಯಾರಿಗೂ ಕಾಣದು. ಅತ್ತ ಹೊನ್ನಾವರದ ಕಾಸರಕೋಡಿನ ಮರಳದಂಡೆಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ರಾತ್ರಿ ಮೊಟ್ಟೆಯೊಡೆದು ಬಂದ ಮರಿಗಳು ಬೆಳಕು ಹೆಚ್ಚಿರುವ ದಿಕ್ಕನ್ನೇ ಸಮುದ್ರವೆಂದು ನಂಬಿ ನಡೆಯುತ್ತವೆ. ಲಕ್ಷಾಂತರ ವರ್ಷಗಳಿಂದ ಅದು ಸರಿಯಾಗಿಯೇ ಇತ್ತು, ಕಡಲಿನ ಮೇಲಿನ ಬಾನೇ ಹೆಚ್ಚು ಬೆಳ್ಳಗೆ. ಈಗ ದಂಡೆಯ ದೀಪಗಳು ಅವನ್ನು ಊರ ಕಡೆ ಕರೆಯುತ್ತವೆ. ಆಮೆ ಬರುವ ತಿಂಗಳುಗಳಲ್ಲಿ ಆ ಸಾಲಿನ ದೀಪಗಳನ್ನಷ್ಟೇ ದೂರದಿಂದ ಆರಿಸಿಡಬಹುದಲ್ಲ! ಇಡೀ ಊರನ್ನು ಕತ್ತಲಿಗೆ ದೂಡಬೇಕಿಲ್ಲ. ಬೆಳಕಿನ ಬಣ್ಣವೂ ಮುಖ್ಯ. ಕಣ್ಣು ಕುಕ್ಕುವ ನೀಲಿಬಿಳಿಗಿಂತ ಹಳದಿ ಬೆರೆತ ಬೆಳಕಿಗೆ ಹುಳ ಬರುವುದು ಕಡಿಮೆ. ದೀಪದ ಮೇಲೊಂದು ಮುಚ್ಚಳವಿದ್ದರೆ ಬೆಳಕು ಆಕಾಶಕ್ಕೆ ಹೋಗದೆ ದಾರಿಗೆ ಬೀಳುತ್ತದೆ. 2022ರಲ್ಲಿ ಲಡಾಖಿನ ಹಾನ್ಲೆಯನ್ನು ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿದರು. ನಕ್ಷತ್ರ ನೋಡಲು ನಾವು ಲಡಾಖಿಗೆ ಹೋಗಬೇಕಾದ ದಿನ ಬರದಿರಲಿ.

ಹೊಳೆಯಾಚೆ ನಗರಬಸ್ತಿಕೇರಿಯ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕು ದಿಕ್ಕಿಗೂ ಜಿನಬಿಂಬ. ಐವತ್ತಕ್ಕೂ ಹೆಚ್ಚು ವರ್ಷ ಈ ಸೀಮೆಯನ್ನು ಆಳಿದ, ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಇದ್ದದ್ದು ಅಲ್ಲೇ. ಸಂಜೆ ಅಲ್ಲಿ ಕೂತರೆ ಬೆಳಕು ಬಾಗಿಲಿಂದ ಬಾಗಿಲಿಗೆ ಸರಿದು ಒಂದೊಂದೇ ಮೂರ್ತಿಯನ್ನು ಬಿಟ್ಟು ಹೋಗುವುದು ಕಾಣುತ್ತದೆ. ಆ ಕತ್ತಲೆ ನೋಡಿದವರಿಗೆ ಎಲ್ಲ ಕಡೆ ದೀಪ ಹಾಕುವುದೇ ಅಭಿವೃದ್ಧಿ ಎಂಬ ಮಾತು ಒಪ್ಪಿಗೆಯಾಗದು.

ಹಾಗೆಂದು ಉಳಿತಾಯದ ಹೆಸರಿನಲ್ಲಿ ದಾರಿ ಕತ್ತಲು ಮಾಡುವವರ ಪಕ್ಷ ನನ್ನದಲ್ಲ. ಕೊನೆಯ ಬಸ್ಸಿಳಿದು ಒಬ್ಬಳೇ ಮನೆಗೆ ನಡೆಯುವ ಕಾಲೇಜು ಹುಡುಗಿಗೆ ಬಸ್‌ಸ್ಟ್ಯಾಂಡಿನಿಂದ ಕೇರಿಯ ತನಕ ಪೂರ್ತಿ ಬೆಳಕು ಬೇಕು. ಸಂಕದ ಎರಡು ತುದಿಗೆ, ಆಸ್ಪತ್ರೆಯ ಎದುರಿಗೆ, ಘಟ್ಟದ ತಿರುವಿಗೆ ಬೆಳಗಿನ ತನಕ ಬೆಳಕು ಬೇಕು. ಕೊಳಕುಮಂಡಲದಂಥ ಹಾವುಗಳ ಊರಿನಲ್ಲಿ ಬೆಳಕು ಎಂದರೆ ಜೀವ. ದೂರದ ನಿಯಂತ್ರಣದ ಬೆಲೆ ಇರುವುದೇ ಇಲ್ಲಿ. ಯಾವ ಸಾಲಿನಲ್ಲಿ ದೀಪಗಳು ಕೆಟ್ಟಿವೆಯೆಂದು ಯಾರೂ ದೂರು ಕೊಡುವ ಮೊದಲೇ ತಿಳಿಯುತ್ತದೆ. ನಮ್ಮ ಕೇರಿಯ ತಿರುವಿನ ದೀಪ ಒಮ್ಮೆ ಎರಡು ತಿಂಗಳು ಸತ್ತೇ ಇತ್ತು; ಅದೇ ಹೊತ್ತಿಗೆ ನೂರು ಮಾರು ಆಚೆ, ಯಾರೂ ನಡೆಯದ ಕಡೆ, ಇನ್ನೊಂದು ದೀಪ ಹಗಲೂ ರಾತ್ರಿ ಉರಿಯುತ್ತಿತ್ತು. ಬೇಕಾದಲ್ಲಿ ಇಲ್ಲದಿರುವುದು, ಬೇಡವಾದಲ್ಲಿ ಇರುವುದು, ಎರಡೂ ಒಂದೇ ಕಾಯಿಲೆ: ದೀಪವನ್ನು ನೋಡುವವರಿಲ್ಲ.

ಕರೆಂಟು ಉಳಿಸುವ ಈ ಮಾತಿಗೆ ಈಗ ನಮ್ಮೂರಿನಲ್ಲಿ ಇನ್ನೊಂದು ತೂಕ ಬಂದಿದೆ. ಮೇಲಿನ ತಳಕಳಲೆಗೂ ಕೆಳಗಿನ ಗೇರುಸೊಪ್ಪೆಗೂ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ಎದ್ದಿದೆ. ಕರೆಂಟು ಹೆಚ್ಚಿರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರುವ ಹೊತ್ತಿನಲ್ಲಿ ಕೆಳಗಿಳಿಸುವುದು. ಎತ್ತಲು ನೂರು ಯೂನಿಟ್ ಖರ್ಚಾದರೆ ಇಂಥ ಯೋಜನೆಗಳಲ್ಲಿ ವಾಪಸು ಬರುವುದು ಎಪ್ಪತ್ತೈದು, ಎಂಬತ್ತು. ಸಿಂಗಳೀಕಗಳ ಕಾಡು, ಹೊಳೆಯಂಚಿನ ಬದುಕು ಏನಾದೀತೆಂದು ನಮ್ಮ ಜನ ಬೀದಿಗಿಳಿದಿದ್ದಾರೆ. ಆ ವಾದ ಬಗೆಹರಿಯುವುದು ದೊಡ್ಡ ಜಾಗಗಳಲ್ಲಿ. ನನಗೆ ಕಾಣುವ ಸತ್ಯ ಇಷ್ಟು: ಬಿಸಿಲಿನ ಕರೆಂಟು ಇಲ್ಲದ ಸಂಜೆ ಮತ್ತು ರಾತ್ರಿಯಲ್ಲಿ ಬೇಡಿಕೆ ಪೂರೈಸುವುದಕ್ಕೇ ಇಂಥ ಯೋಜನೆಗಳು. ಬೀದಿದೀಪ, ಅಂಗಳದ ದೀಪ, ಜಾಹೀರಾತು ಫಲಕದ ದೀಪ ಉರಿಯುವುದೂ ಆ ಹೊತ್ತಿನಲ್ಲೇ. ಆಗ ಉಳಿಸಿದ ಯೂನಿಟ್ಟು ಹಗಲು ಉಳಿಸಿದ ಯೂನಿಟ್ಟಿಗಿಂತ ತೂಕದ್ದು. ಬೀದಿದೀಪ ಆರಿಸಿದ ಮಾತ್ರಕ್ಕೆ ಯೋಜನೆಯೊಂದು ನಿಲ್ಲುತ್ತದೆಂದು ನಾನು ಹೇಳಲಾರೆ. ಆದರೆ ಕಾಡು ಕಡಿಯುವ ಮಾತಾಡುವ ಮೊದಲು ವ್ಯರ್ಥ ಉರಿಯುವುದನ್ನು ನಿಲ್ಲಿಸಿದ್ದೇವೆ ಎಂದು ಹೇಳುವ ಯೋಗ್ಯತೆ ನಾಡಿಗೆ ಇರಬೇಕು.

ಆ ಯೋಗ್ಯತೆ ಮನೆಯಂಗಳದಿಂದ ಶುರುವಾಗುತ್ತದೆ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ಎಷ್ಟೋ ಮನೆಗಳಿಗೆ ಬಿಲ್ಲು ಸೊನ್ನೆ ಬರುತ್ತಿದೆ. ಬಡವರ ಮನೆಗೆ ಬೆಳಕು ಬಂತು, ಸಂತೋಷ. ಬಿಲ್ಲು ಸೊನ್ನೆಯಾದರೂ ನೀರಿನ ಲೆಕ್ಕ ಸೊನ್ನೆಯಾಗಲಿಲ್ಲ. ಹಂದಿ ಬರುತ್ತದೆಂದು ತೋಟದಂಚಿಗೆ ಹಾಕಿದ ಹ್ಯಾಲೋಜನ್ ಬೆಳಗಾದ ಮೇಲೂ ಉರಿದರೆ ಶರಾವತಿ ಅಷ್ಟು ಇಳಿದೇ ಇಳಿಯುತ್ತಾಳೆ.

ಅಜ್ಜಿ ಹೇಳಿದ ಮಾತಿನ ಅರ್ಥ ನನಗೆ ಈಗ ಹೀಗೆ ಹೊಳೆಯುತ್ತದೆ. ಹೊತ್ತು ನೋಡಿ ನಂದಿಸಿದ ದೀಪ ನಾಳೆಯ ರಾತ್ರಿಗೂ ಎಣ್ಣೆ ಉಳಿಸಿರುತ್ತದೆ. ಅದರ ಬೆಳಕು ಒಂದು ರಾತ್ರಿಯದಲ್ಲ, ಹಲವು ರಾತ್ರಿಗಳದು. ದೊಡ್ಡದಾಗುವುದು ಹಾಗೆ.

ಓದುವವರಲ್ಲಿ ನನ್ನದೊಂದು ಬಿನ್ನಹ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಹೊರಗೆ ಬಂದು ನಿಮ್ಮ ಮನೆಯೆದುರಿನ ಕಂಬವನ್ನು ತಲೆಯೆತ್ತಿ ನೋಡಿ. ದೀಪ ಉರಿಯುತ್ತಿದ್ದರೆ ಕಂಬದ ಸಂಖ್ಯೆ ಬರೆದುಕೊಳ್ಳಿ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ, ಬೀದಿದೀಪಕ್ಕೆ ಪ್ರತ್ಯೇಕ ತಂತಿ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಬೇಕೆಂದು ಬರೆಸಿ. ಇದ್ದರೆ ಸೂರ್ಯನ ಹೊತ್ತು ತಿಳಿಯುವ ಒಂದು ಪೆಟ್ಟಿಗೆ ಬೇಕೆಂದು ಬರೆಸಿ. ಅಷ್ಟರವರೆಗೆ, ಕೈಗೆಟಕುವ ಸ್ವಿಚ್ಚು ಹತ್ತಿರವಿದ್ದರೆ, ಹೋಗಿ ದೀಪ ದೊಡ್ಡದು ಮಾಡಿ ಬನ್ನಿ.